ಫಾಸ್ಟ್ಯಾಗ್ ವಾರ್ಷಿಕ ಪಾಸ್: ಯಾರಿಗೆ ಲಾಭ, ಎಲ್ಲಿ ಕೈಕೊಡುತ್ತದೆ

2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಹೆದ್ದಾರಿಯಲ್ಲಿ ಆಗಾಗ ಓಡಾಡುವ ಸ್ವಂತ ಕಾರಿನವರಿಗೆ ನಿಜಕ್ಕೂ ಒಳ್ಳೆಯ ಸೌಲಭ್ಯ. 2025ರಲ್ಲಿ ಶುರುವಾದಾಗ ಇದರ ಬೆಲೆ 3,000 ರೂಪಾಯಿ ಇತ್ತು. ಹಣ ಕಟ್ಟಿದರೆ 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ನಡೆಯುತ್ತದೆ. ಪೂರ್ತಿ ಬಳಸಿದರೆ ಟ್ರಿಪ್ಪಿಗೆ ಸುಮಾರು 15 ರೂಪಾಯಿ ಬೀಳುತ್ತದೆ. ಆದರೆ ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ತಾವು ಓಡಾಡುವ ರಸ್ತೆ ಯಾರದ್ದು ಎಂದು ನೋಡಿಕೊಳ್ಳುವುದಿಲ್ಲ.

ಈ ಪಾಸ್ ಕೇಂದ್ರ ಸರ್ಕಾರದ್ದು. ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಟೋಲ್‌ಗೆ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳೇ ಆಧಾರ, ಪಾಸ್ ಬಂದದ್ದೂ ಆ ಚೌಕಟ್ಟಿನೊಳಗೇ. ರಾಜ್ಯ ಹೆದ್ದಾರಿಗಳ ವಿಷಯ ಬೇರೆ. ಅವು ನಮ್ಮಲ್ಲಿ 1964ರ ಕರ್ನಾಟಕ ಹೆದ್ದಾರಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅಲ್ಲಿನ ಟೋಲ್ ರಾಜ್ಯದ ತೀರ್ಮಾನ. ಹೀಗಾಗಿ ರಾಜ್ಯ ಹೆದ್ದಾರಿಯ ಗೇಟಿನಲ್ಲಾಗಲಿ, ಬೆಂಗಳೂರಿನ ನೈಸ್ ರಸ್ತೆಯಲ್ಲಾಗಲಿ ಪಾಸ್ ನಡೆಯದು. ಫಾಸ್ಟ್ಯಾಗ್ ಇರುವ ರಾಜ್ಯದ ಗೇಟಿನಲ್ಲಿ ಅದೇ ಟ್ಯಾಗ್ ಸಾಮಾನ್ಯ ಟ್ಯಾಗ್‌ನಂತೆ ವ್ಯಾಲೆಟ್‌ನಿಂದ, ಅಂದರೆ ನೀವು ರೀಚಾರ್ಜ್ ಮಾಡಿಟ್ಟ ಹಣದಿಂದ, ಟೋಲ್ ಕೊಡುತ್ತದೆ. ಪಾಸ್ ಇದೆಯಲ್ಲ ಎಂದು ರೀಚಾರ್ಜ್ ನಿಲ್ಲಿಸಿದವರು ಸಿಕ್ಕಿಬೀಳುವುದು ಇಲ್ಲೇ. ಪಾಸಿಗೆ ಕಟ್ಟಿದ ಹಣ ವ್ಯಾಲೆಟ್‌ಗೆ ಸೇರುವುದಿಲ್ಲ, ವ್ಯಾಲೆಟ್‌ನ ಹಣದಲ್ಲಿ ಪಾಸ್ ಕೊಳ್ಳಲೂ ಬರುವುದಿಲ್ಲ. ಎರಡೂ ಬೇರೆ ಬೇರೆ ಖಾತೆ ಎಂದೇ ತಿಳಿಯಿರಿ.

ಟ್ರಿಪ್ ಎಣಿಕೆಯಲ್ಲೂ ಗೊಂದಲವಿದೆ. ಟ್ರಿಪ್ ಎಂದರೆ ಊರಿಂದ ಊರಿಗೆ ಹೋಗುವ ಪ್ರಯಾಣವಲ್ಲ, ಒಂದು ಟೋಲ್ ಪ್ಲಾಜಾ ದಾಟುವುದು. ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275ನ್ನೇ ನೋಡಿ. ಹೋಗುವಾಗ ಕಣಿಮಿಣಿಕೆ, ಆಮೇಲೆ ಗಣಂಗೂರು. ಬರುವಾಗ ಗಣಂಗೂರು, ಕೊನೆಗೆ ಶೇಷಗಿರಿಹಳ್ಳಿ. ಒಮ್ಮೆ ಹೋಗಿಬಂದರೆ ನಾಲ್ಕು ಟ್ರಿಪ್ ಖರ್ಚಾಯಿತು. ಪಾಸ್ ಇಲ್ಲದೆ ಈ ದಾರಿಯಲ್ಲಿ ಒಂದು ಕಡೆಗೇ 300 ರೂಪಾಯಿ ಮೇಲಾಗುತ್ತದೆ. 24 ಗಂಟೆಯೊಳಗೆ ಮರಳಿದರೆ ಎರಡು ಪಟ್ಟಿನ ಬದಲು ಒಂದೂವರೆ ಪಟ್ಟು ಕೊಟ್ಟರೆ ಸಾಕೆಂಬ ರಿಯಾಯಿತಿ ಹಿಡಿದರೂ ಹೋಗಿಬರಲು 450 ದಾಟುತ್ತದೆ. ಅಂದರೆ ಏಳು ಸಲ ಹೋಗಿಬಂದರೆ ಪಾಸಿನ ಹಣ ಹುಟ್ಟಿತು. ತಿಂಗಳಿಗೊಮ್ಮೆ ಹೋಗುವವರಿಗೆ ವರ್ಷಕ್ಕೆ 48 ಟ್ರಿಪ್ ಸಾಕು, ಉಳಿದದ್ದು ಬೇರೆ ಊರಿಗೆ. ಪ್ರತಿ ವಾರ ಹೋಗುವವರಿಗೆ 208 ಟ್ರಿಪ್ ಬೇಕು, ಐವತ್ತನೆಯ ವಾರಕ್ಕೆ ಪಾಸ್ ಖಾಲಿ. ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಯಂಥ ಮುಚ್ಚಿದ ವ್ಯವಸ್ಥೆಯಲ್ಲಿ, ಅಂದರೆ ಒಳಹೋದ ಗೇಟಿನಿಂದ ಹೊರಬಂದ ಗೇಟಿನವರೆಗೆ ಟೋಲ್ ಲೆಕ್ಕ ಹಾಕುವ ಕಡೆ, ಮಾತ್ರ ಒಳಹೋಗಿ ಹೊರಬರುವುದು ಸೇರಿ ಒಂದು ಟ್ರಿಪ್.

ಪ್ಲಾಜಾದ ಪಕ್ಕದಲ್ಲೇ ಮನೆ ಇದ್ದು ದಿನಾ ದಾಟುವವರಿಗೆ ಈ ಪಾಸ್ ಬೇಡವೇ ಬೇಡ. ದಿನಕ್ಕೆ ಎರಡು ಸಲದಂತೆ ನೂರೇ ದಿನಕ್ಕೆ ಮುಗಿದುಹೋಗುತ್ತದೆ. 20 ಕಿಲೋಮೀಟರ್ ಒಳಗಿನ ನಿವಾಸಿಗಳ ಸ್ವಂತ ಕಾರಿಗೆ ಅದೇ ಪ್ಲಾಜಾದಲ್ಲಿ ಸ್ಥಳೀಯ ಮಾಸಿಕ ಪಾಸ್ ಸಿಗುತ್ತದೆ, ಸುಮಾರು 350 ರೂಪಾಯಿ, ದಾಟುವುದಕ್ಕೆ ಲೆಕ್ಕವಿಲ್ಲ. ಆರ್‌ಸಿ ಮತ್ತು ವಿಳಾಸದ ದಾಖಲೆ ಹಿಡಿದು ಹೋಗಿ ಕೇಳಬೇಕು, ಅವರಾಗಿ ಹೇಳುವುದು ಅಪರೂಪ.

ಕೊಳ್ಳುವ ಕ್ರಮ ಸರಳವಾಗಿದೆ. ರಾಜಮಾರ್ಗಯಾತ್ರಾ ಆ್ಯಪ್ ಅಥವಾ ಹೆದ್ದಾರಿ ಪ್ರಾಧಿಕಾರದ ಜಾಲತಾಣದಲ್ಲಿ ವಾಹನ ಸಂಖ್ಯೆ ಕೊಟ್ಟು, ಮೊಬೈಲ್‌ಗೆ ಬರುವ ಒಟಿಪಿ ಹಾಕಿದರೆ ಸರ್ಕಾರದ ವಾಹನ ನೋಂದಣಿ ದಾಖಲೆಯಾದ ‘ವಾಹನ್’ ಜೊತೆ ಅರ್ಹತೆ ತಾಳೆಯಾಗುತ್ತದೆ. ಹಣ ಕಟ್ಟಿದ ಮೇಲೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಚಾಲೂ ಆಗುತ್ತದೆ. ಹೊರಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಕೊಳ್ಳಬೇಡಿ, ಹಿಂದಿನ ದಿನವೇ ಮುಗಿಸಿ. ಇವೆರಡು ಬಿಟ್ಟು ಬೇರೆ ಕಡೆ ಪಾಸ್ ಮಾರುವುದಿಲ್ಲ, ಸಂದೇಶದಲ್ಲಿ ಬರುವ ಲಿಂಕ್ ಒತ್ತಿದರೆ ಹಣ ಹೋದ ಹಾಗೆಯೇ.

ಅರ್ಜಿ ತಿರಸ್ಕಾರವಾಗುವ ಒಂದು ಕಾರಣ ಅನೇಕರಿಗೆ ಗೊತ್ತೇ ಇರುವುದಿಲ್ಲ. ಹೊಸ ಕಾರು ಕೊಂಡಾಗ ಷೋರೂಮಿನಲ್ಲಿ ಅಂಟಿಸಿದ ಟ್ಯಾಗ್ ಎಷ್ಟೋ ಸಲ ಚಾಸಿ ನಂಬರಿನ ಮೇಲೆಯೇ ಉಳಿದಿರುತ್ತದೆ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಆರ್‌ಸಿ ಪ್ರತಿ ಕಳಿಸಿ ನೋಂದಣಿ ಸಂಖ್ಯೆ ಸೇರಿಸಿದ ಮೇಲಷ್ಟೇ ಪಾಸ್ ಸಿಗುತ್ತದೆ. ಕಪ್ಪುಪಟ್ಟಿಯಲ್ಲಿರುವ ಟ್ಯಾಗ್‌ಗೂ ಸಿಗದು. ಹಳದಿ ಬೋರ್ಡ್‌ನ ಗಾಡಿಗೆ ಪಾಸ್ ಇಲ್ಲ.

ಇನ್ನು ಟ್ಯಾಗ್ ಗಾಜಿನ ಒಳಬದಿಯಲ್ಲಿ, ನಡುವೆ, ಹಿಂಬದಿ ನೋಡುವ ಕನ್ನಡಿಯ ಹಿಂದೆ ಅಂಟಿರಲೇಬೇಕು. ಕೈಯಲ್ಲಿ ಹಿಡಿದು ತೋರಿಸುವವರಿಗೆ ಈ ಪಾಸ್ ಅಲ್ಲ. ಕಿತ್ತು ಮತ್ತೊಂದು ಕಾರಿಗೆ ಹಚ್ಚಲು ಹೋದರೆ ಕಾಗದದೊಳಗಿನ ತೆಳ್ಳನೆಯ ಆಂಟೆನಾ ಹರಿದು ಟ್ಯಾಗ್ ಸಾಯುತ್ತದೆ; ಹರಿಯದಿದ್ದರೂ ಬೇರೆ ವಾಹನದಲ್ಲಿ ಬಳಸಿದ್ದು ಗೊತ್ತಾದರೆ ಪಾಸ್ ರದ್ದು. ಕಾರು ಮಾರಿದರೂ ಅದು ಹೊಸ ಕಾರಿಗೆ ವರ್ಗವಾಗುವುದಿಲ್ಲ, ಹಣವೂ ವಾಪಸ್ ಬರದು. ಒಂದೆರಡು ತಿಂಗಳಲ್ಲಿ ಕಾರು ಬದಲಿಸುವ ಯೋಚನೆ ಇದ್ದರೆ ತಡೆಯಿರಿ.

ಸೇವೆಯಲ್ಲಿ ಒಪ್ಪಿಕೊಳ್ಳಲಾಗದ ಕೊರತೆ ಒಂದಿದೆ: ನಿಮ್ಮ ದಾರಿಯ ಯಾವ ಗೇಟಿನಲ್ಲಿ ಪಾಸ್ ನಡೆಯುತ್ತದೆ, ಯಾವುದರಲ್ಲಿ ಇಲ್ಲ ಎಂಬ ಫಲಕ ಗೇಟಿಗಿಂತ ಮೊದಲೇ ರಸ್ತೆಯಲ್ಲಿ ಕಾಣಬೇಕಿತ್ತು. ಚಾಲಕರಿಗೆ ಅದು ತಿಳಿಯುವುದು ಹಣ ಕಡಿತವಾದ ಸಂದೇಶ ಬಂದಾಗ. ರಾಷ್ಟ್ರೀಯ ಹೆದ್ದಾರಿಯ ಗೇಟಿನಲ್ಲೇ ಟ್ರಿಪ್ ಬದಲು ವ್ಯಾಲೆಟ್‌ನಿಂದ ಹಣ ಹೋದರೆ ಪ್ಲಾಜಾದ ಹೆಸರು, ಸಮಯ ಮತ್ತು ಆ ಸಂದೇಶ ಇಟ್ಟುಕೊಂಡು ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಅದಕ್ಕೆ ಮೊದಲು ಆ್ಯಪ್‌ನಲ್ಲಿ ಉಳಿದ ಟ್ರಿಪ್ ನೋಡಿ. 200 ಮುಗಿದಿದ್ದರೆ ಟ್ಯಾಗ್ ತಾನಾಗಿಯೇ ವ್ಯಾಲೆಟ್‌ಗೆ ಮರಳಿರುತ್ತದೆ, ಹೊಸ ಪಾಸ್ ನೀವೇ ಕೊಳ್ಳಬೇಕು.