ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಇಪ್ಪತ್ತು ವರ್ಷಗಳ ಬಳಿಕ: ಜತೆಗಾರರೇ ಬೇಡವಾದ ಆಟ

ಸಾವಿರಾರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಪಾತ್ರಾಧಾರಿತ ಆಟಗಳು ಈಗ ತೀರಾ ಸಲೀಸಾಗಿಬಿಟ್ಟಿವೆ, ಬೆವರು ಸುರಿಸಿ ಆಡುವವರಿಗೆ ಅಲ್ಲಿ ಬೆಲೆಯಿಲ್ಲ ಎಂಬ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಈ ದೂರನ್ನು ಒರೆಗೆ ಹಚ್ಚಲು ಬ್ಲಿಜರ್ಡ್ ಸಂಸ್ಥೆಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗಿಂತ ತಕ್ಕ ಆಟ ಇನ್ನೊಂದಿಲ್ಲ. ಒಂದೇ ಚಂದಾ ಕಟ್ಟಿದವರು ಇಂದಿನ ಆವೃತ್ತಿಯನ್ನೂ, ಆರಂಭದ ವರ್ಷಗಳ ಆಟವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿರುವ ಕ್ಲಾಸಿಕ್ ಆವೃತ್ತಿಯನ್ನೂ, ಒಮ್ಮೆ ಸತ್ತರೆ ಪಾತ್ರದ ಕಥೆಯೇ ಮುಗಿಯುವ ಹಾರ್ಡ್‌ಕೋರ್ ಸರ್ವರ್‌ಗಳನ್ನೂ ಆಡಬಹುದು. ಮೂರನ್ನೂ ಆಡಿರುವ ನನಗೆ ಈ ದೂರಿನಲ್ಲಿ ಅರ್ಧ ಮಾತ್ರ ಸತ್ಯ ಕಾಣುತ್ತದೆ. ಆಟದ ಕಷ್ಟ ಎಲ್ಲಿಯೂ ಹೋಗಿಲ್ಲ. ಪಕ್ಕದಲ್ಲಿರುವ ಆಟಗಾರನ ಅಗತ್ಯ ಹೊರಟುಹೋಗಿದೆ, ಮತ್ತು ನಷ್ಟವೆಂದರೆ ಅದೇ.

2004ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಈ ಆಟವನ್ನೇ ಅಂದಿನ ಹಳಬರು ಸುಲಭವೆಂದು ಹೀಗಳೆದಿದ್ದರು ಎಂಬುದನ್ನು ಮೊದಲು ನೆನಪಿಡಬೇಕು. ಅವರು ಪಳಗಿದ್ದು 1999ರ ಎವರ್‌ಕ್ವೆಸ್ಟ್‌ನಲ್ಲಿ. ಅಲ್ಲಿ ಪಾತ್ರ ಸತ್ತರೆ ಗಳಿಸಿದ ಅನುಭವದ ಅಂಕಗಳಲ್ಲಿ ಒಂದು ಪಾಲು ಕಳೆದುಹೋಗುತ್ತಿತ್ತು, ಕೆಲವೊಮ್ಮೆ ಒಂದು ಲೆವೆಲ್ಲೇ ಇಳಿದುಬಿಡುತ್ತಿತ್ತು. ತೊಟ್ಟ ಕವಚ, ಹಿಡಿದ ಕತ್ತಿ ಎಲ್ಲವೂ ಹೆಣದ ಜತೆಗೇ ಉಳಿಯುತ್ತಿದ್ದುದರಿಂದ, ತನ್ನನ್ನು ಕೊಂದ ಶತ್ರುಗಳು ಇನ್ನೂ ಅಲ್ಲೇ ಓಡಾಡುತ್ತಿರುವಾಗ ಬರಿಗೈಯಲ್ಲಿ ಮರಳಿ ಹೋಗಿ ಅವನ್ನು ತರಬೇಕಾಗುತ್ತಿತ್ತು. ವಾರ್‌ಕ್ರಾಫ್ಟ್ ಈ ಶಿಕ್ಷೆಯನ್ನು ತೆಗೆದುಹಾಕಿತು. ಸತ್ತವರು ಪ್ರೇತವಾಗಿ ಸ್ಮಶಾನದಿಂದ ಹೆಣದ ತನಕ ಓಡಿದರೆ ಸಾಕಾಯಿತು, ಮುಂದೇನು ಮಾಡಬೇಕೆಂದು ತಿಳಿಸಲು ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೊತ್ತವರು ಊರೂರಿನಲ್ಲಿ ನಿಂತರು, ಕೆಲ ದಿನ ಆಡದೆ ಬಿಟ್ಟು ಬಂದವರಿಗೆ ಸ್ವಲ್ಪ ಕಾಲ ಇಮ್ಮಡಿ ಅನುಭವ ಸಿಕ್ಕಿತು. 2010ರಲ್ಲಿ ಚಂದಾದಾರರ ಸಂಖ್ಯೆ 1.2 ಕೋಟಿ ಮುಟ್ಟಿದುದರಲ್ಲಿ ಈ ಔದಾರ್ಯದ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ಆದ್ದರಿಂದ ಸುಲಭ ಮಾಡಿದ್ದೇ ತಪ್ಪು ಎನ್ನುವವರು ತಾವು ಪ್ರೀತಿಸುವ ಹಳೆಯ ಆಟವನ್ನೂ ಅದೇ ಮಾತಿನಿಂದ ತಳ್ಳಿಹಾಕಬೇಕಾಗುತ್ತದೆ.

ಹಾಗಾದರೆ ಬದಲಾದದ್ದು ಏನು? ವೆಸ್ಟ್‌ಫಾಲ್ ಪ್ರಾಂತದ ಡೆಡ್‌ಮೈನ್ಸ್ ಎಂಬ ಡಂಜನ್ನನ್ನು, ಅಂದರೆ ಸಣ್ಣ ಗುಂಪೊಂದು ಒಟ್ಟಾಗಿ ಹೊಕ್ಕು ಗೆಲ್ಲಬೇಕಾದ ತಾಣವನ್ನು, ಕ್ಲಾಸಿಕ್‌ನಲ್ಲಿ ಒಮ್ಮೆ ಆಡಿದವರಿಗೆ ಇದು ತಾನಾಗಿ ತಿಳಿಯುತ್ತದೆ. ಅಲ್ಲಿಗೆ ಐವರು ಬೇಕು. ಹೊಡೆತ ತಿನ್ನಲು ಒಬ್ಬ ಟ್ಯಾಂಕ್, ಗಾಯ ಮಾಯಿಸಲು ಒಬ್ಬ ಹೀಲರ್, ಹೊಡೆಯಲು ಮೂವರು. ಚಾಟ್‌ನಲ್ಲಿ ಕೂಗಿ ಕರೆಯಬೇಕು, ಹೀಲರ್ ಸಿಗುವ ತನಕ ಕಾಯಬೇಕು, ಆಮೇಲೆ ಎಲ್ಲರೂ ನಡೆದುಕೊಂಡೇ ಮೂನ್‌ಬ್ರೂಕ್ ಎಂಬ ಹಾಳು ಊರನ್ನು ಸೇರಬೇಕು. ಡಂಜನ್ನಿನ ಬಾಗಿಲು ಗಣಿಯ ಒಳಗಿದೆ; ಆ ಬಾಗಿಲಿನವರೆಗಿನ ಸುರಂಗದಲ್ಲೇ ಡೆಫಿಯಾಸ್ ಎಂಬ ಡಕಾಯಿತ ಗುಂಪಿನವರು ತುಂಬಿರುವುದರಿಂದ, ಒಳಗೆ ಕಾಲಿಡುವ ಮೊದಲೇ ಐವರಿಗೂ ಒಬ್ಬರ ಕೈಚಳಕ ಇನ್ನೊಬ್ಬರಿಗೆ ಗೊತ್ತಾಗಿರುತ್ತದೆ. ಒಳಗೆ ಹೋದ ಮೇಲೆ ಪ್ರತಿ ಕಾಳಗಕ್ಕೂ ಮೊದಲು ಮಾತುಕತೆ ನಡೆಯುತ್ತದೆ. ಮಂತ್ರವಾದಿಯಾದ ಮೇಜ್ ಯಾರನ್ನು ಕುರಿಯಾಗಿ ಮಾರ್ಪಡಿಸಬೇಕು, ಮರೆಯಲ್ಲಿ ಹೊಂಚುವ ರೋಗ್ ಯಾರ ತಲೆಗೆ ಹಿಂದಿನಿಂದ ಹೊಡೆದು ಸ್ಮೃತಿ ತಪ್ಪಿಸಬೇಕು, ಮೊದಲು ಯಾರನ್ನು ಕೆಡವಬೇಕು ಎಂಬುದನ್ನು ನಿಶ್ಚಯಿಸದೆ ನುಗ್ಗಿದರೆ ಐವರೂ ಸ್ಮಶಾನದಲ್ಲಿರುತ್ತಾರೆ. ಕಾಳಗ ಮುಗಿದಾಗ ಹೀಲರ್ ಆದ ಪ್ರೀಸ್ಟ್‌ನ ಮಂತ್ರಶಕ್ತಿ ಬರಿದಾಗಿರುತ್ತದೆ; ಅವನು ನೆಲದ ಮೇಲೆ ಕುಳಿತು ನೀರು ಕುಡಿಯಬೇಕು, ಆ ನೀರನ್ನು ಮೇಜ್ ತನ್ನ ಮಂತ್ರದಿಂದ ಸೃಷ್ಟಿಸಿ ಕೈಗೆ ಕೊಡಬೇಕು, ಅಲ್ಲಿಯ ತನಕ ಉಳಿದವರು ಕಾಯಬೇಕು. ಹರಟೆ ಹುಟ್ಟುವುದು ಈ ಅರ್ಧ ನಿಮಿಷಗಳಲ್ಲಿ. ಕೊನೆಗೆ ಗುಹೆಯೊಳಗಿನ ಹಡಗಿನ ಮೇಲೆ ಡೆಫಿಯಾಸ್ ನಾಯಕ ಎಡ್ವಿನ್ ವ್ಯಾನ್‌ಕ್ಲೀಫ್ ಬಿದ್ದಾಗ, ಬಂದವರಲ್ಲಿ ಒಬ್ಬರಾದರೂ ಸ್ನೇಹಿತರ ಪಟ್ಟಿಗೆ ಸೇರಿರುತ್ತಾರೆ, ಏಕೆಂದರೆ ಒಳ್ಳೆಯ ಹೀಲರ್ ನಾಳೆಯೂ ಬೇಕಾಗುತ್ತಾನೆ.

ಇಂದಿನ ಆವೃತ್ತಿಯಲ್ಲಿ ಇದೇ ಕೆಲಸಕ್ಕೆ ಒಂದು ಗುಂಡಿ ಒತ್ತಿದರೆ ಆಯಿತು. 2009ರ ಡಿಸೆಂಬರ್‌ನಲ್ಲಿ ಬಂದ ಡಂಜನ್ ಫೈಂಡರ್ ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಒಟ್ಟುಗೂಡಿಸಿ ನೇರವಾಗಿ ಡಂಜನ್ನಿನೊಳಗೆ ಇಳಿಸುತ್ತದೆ, ಮುಗಿದ ಮೇಲೆ ಇದ್ದಲ್ಲಿಗೇ ಮರಳಿಸುತ್ತದೆ. ಟ್ಯಾಂಕ್ ಓಡುತ್ತಾನೆ, ನಾಲ್ವರು ಹಿಂದೆ ಓಡುತ್ತಾರೆ, ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು, ಬಹಳ ಸಲ ಒಂದು ನಮಸ್ಕಾರವೂ ಇಲ್ಲದೆ ಐವರೂ ಚದುರುತ್ತಾರೆ. ಯಾರಾದರೂ ಒರಟಾಗಿ ನಡೆದುಕೊಂಡರೂ, ಉದಾರವಾಗಿ ನಡೆದುಕೊಂಡರೂ ವ್ಯತ್ಯಾಸವಿಲ್ಲ. ಮತ್ತೆ ಅವರು ಎದುರಾಗುವುದೇ ಅಪರೂಪ. 2011ರಲ್ಲಿ ರೇಡ್‌ಗಳಿಗೂ, ಅಂದರೆ ಹತ್ತಾರು ಜನ ಕೂಡಿ ನಡೆಸುವ ದೊಡ್ಡ ದಾಳಿಗಳಿಗೂ, ಇಂಥದೇ ಫೈಂಡರ್ ಬಂತು. 2018ರಿಂದ ಹಳೆಯ ಪ್ರಾಂತಗಳ ಶತ್ರುಗಳ ಲೆವೆಲ್ ಆಟಗಾರನ ಲೆವೆಲ್ಲಿಗೆ ತಕ್ಕಂತೆ ಏರತೊಡಗಿದ್ದರಿಂದ, ಇಲ್ಲಿಗೆ ಈಗ ಬರಬಾರದು ಎಂದು ಹೆದರಿಸುವ ಜಾಗಗಳು ಬಹುತೇಕ ಇಲ್ಲವಾದವು. 2024ರ ಜನವರಿಯಲ್ಲಿ ಬಂದ ಫಾಲೋವರ್ ಡಂಜನ್‌ಗಳಲ್ಲಿ ಉಳಿದ ನಾಲ್ವರ ಜಾಗವನ್ನು ಕಂಪ್ಯೂಟರ್ ನಡೆಸುವ ಪಾತ್ರಗಳೇ ತುಂಬಬಲ್ಲವು. ಹೀಲರ್‌ಗಾಗಿ ಗಂಟೆಗಟ್ಟಲೆ ಕಾದು ಬೇಸತ್ತವರ ಅಹವಾಲು ನಿಜವಾದದ್ದೇ ಆಗಿತ್ತು, ಒಂದೊಂದು ಹೆಜ್ಜೆಗೂ ಹೀಗೆ ಒಪ್ಪತಕ್ಕ ಕಾರಣವಿತ್ತು. ಆದರೆ ಎಲ್ಲ ಹೆಜ್ಜೆಗಳೂ ಒಂದೇ ದಿಕ್ಕಿಗೆ ಬಿದ್ದುದರ ಫಲವಾಗಿ, ಲಕ್ಷಾಂತರ ಜನರಿರುವ ಲೋಕದಲ್ಲಿ ಯಾರನ್ನೂ ಮಾತನಾಡಿಸದೆ ಕೊನೆಯ ಲೆವೆಲ್ ಮುಟ್ಟುವುದು ಈಗ ಸಹಜ ದಾರಿಯಾಗಿದೆ.

ಹಾಗೆಂದು ಕಷ್ಟವೇ ಇಲ್ಲವೆನ್ನುವುದು ಅನ್ಯಾಯ. ಇಂದಿನ ಮಿಥಿಕ್ ಎಂಬ ಅತಿ ಕಠಿಣ ಹಂತದ ರೇಡ್‌ಗಳಲ್ಲಿ ಇಪ್ಪತ್ತು ಜನ ಒಂದು ತಾಳಕ್ಕೆ ಕುಣಿಯಬೇಕು. ಜಗತ್ತಿನ ಅಗ್ರ ಗಿಲ್ಡ್‌ಗಳೇ, ಅಂದರೆ ಆಟಗಾರರ ಕಾಯಂ ತಂಡಗಳೇ, ಬಾಸ್ ಎನ್ನಿಸಿಕೊಳ್ಳುವ ಕೊನೆಯ ಮುಖ್ಯ ಶತ್ರುಗಳ ಮುಂದೆ ನೂರಾರು ಸಲ ಸತ್ತು ಏಳುತ್ತವೆ. 2016ರಲ್ಲಿ ಬಂದ ಮಿಥಿಕ್ ಪ್ಲಸ್ ಡಂಜನ್‌ಗಳಲ್ಲಿ ಗಡಿಯಾರದ ವಿರುದ್ಧ ಓಡುತ್ತ, ಗೆದ್ದಂತೆಲ್ಲ ಇನ್ನಷ್ಟು ಕಠಿಣ ಮೆಟ್ಟಿಲನ್ನು ಏರುತ್ತ ಹೋಗಬೇಕು. ಇದಕ್ಕೆ ಹೋಲಿಸಿದರೆ ಹಳೆಯ ಮೋಲ್ಟನ್ ಕೋರ್ ರೇಡ್‌ನ ಕೊನೆಯ ಬಾಸ್ ರಾಗ್ನರೋಸ್ ಸರಳ ಜೀವಿ: ಹತ್ತಿರದವರನ್ನು ದೂರ ಎಸೆಯುತ್ತಾನೆ, ಮೂರು ನಿಮಿಷದೊಳಗೆ ಬೀಳದಿದ್ದರೆ ಲಾವಾದಲ್ಲಿ ಮುಳುಗಿ ತನ್ನ ಬೆಂಕಿಮಕ್ಕಳನ್ನು ಕಳುಹಿಸುತ್ತಾನೆ. 2005ರಲ್ಲಿ ಅವನನ್ನು ಕೆಡವಲು ಗಿಲ್ಡ್‌ಗಳಿಗೆ ತಿಂಗಳುಗಳೇ ಹಿಡಿದವು. 2019ರ ಆಗಸ್ಟ್ ಕೊನೆಯಲ್ಲಿ ಕ್ಲಾಸಿಕ್ ತೆರೆದಾಗ, ಶೂನ್ಯದಿಂದ ಆರಂಭಿಸಿದ ಒಂದು ಗಿಲ್ಡ್ ಒಂದು ವಾರದೊಳಗೆ ಅವನನ್ನು ಮುಗಿಸಿತು. ಕ್ಲಾಸಿಕ್‌ನಲ್ಲಿ ಪಾತ್ರಗಳ ಶಕ್ತಿ 2006ರ ಪರಿಷ್ಕೃತ ಮಟ್ಟದಲ್ಲಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಅಂದಿನ ಕಷ್ಟದಲ್ಲಿ ಬಹುಪಾಲು ನಮ್ಮ ಅಜ್ಞಾನದ್ದೂ ನಿಧಾನ ಇಂಟರ್ನೆಟ್‌ನದ್ದೂ ಆಗಿತ್ತು ಎಂದು ಒಪ್ಪಲೇಬೇಕು. ಆದರೂ ಆ ರೇಡ್‌ಗೆ ಬೇಕಾದ ನಲವತ್ತು ಜನರನ್ನು ಒಂದೇ ರಾತ್ರಿ ಒಂದೆಡೆ ಕೂಡಿಸುವ ಗಿಲ್ಡ್ ನಾಯಕನ ಕೆಲಸ ಮಾತ್ರ ಅಂದೂ ಕಷ್ಟ, ಇಂದೂ ಕಷ್ಟ.

ನನ್ನ ಮಟ್ಟಿಗೆ ಇಂದು ಈ ಚಂದಾದಲ್ಲಿ ಸಿಗುವ ಅತ್ಯುತ್ತಮ ಆಟ ಹಾರ್ಡ್‌ಕೋರ್. ಆಟಗಾರರು ತಾವೇ ನಿಯಮ ಮಾಡಿಕೊಂಡು ಆಡುತ್ತಿದ್ದ ಈ ಬಗೆಗೆ ಬ್ಲಿಜರ್ಡ್ 2023ರ ಆಗಸ್ಟ್‌ನಲ್ಲಿ ಅಧಿಕೃತ ಸರ್ವರ್‌ಗಳನ್ನು ತೆರೆಯಿತು. ಕಾಳಗಗಳು ಕ್ಲಾಸಿಕ್‌ನವೇ, ಅಂದರೆ ಸರಳವೇ. ಆದರೆ ಸತ್ತರೆ ಮರಳುವ ದಾರಿಯಿಲ್ಲದ ಕಾರಣ, ರಸ್ತೆಯಲ್ಲಿ ಎದುರಾದ ಅಪರಿಚಿತನೂ ಕೇಳದೆಯೇ ರಕ್ಷಾಮಂತ್ರ ಹಾಕಿ ಹೋಗುತ್ತಾನೆ, ಗುಹೆಯ ಬಾಯಲ್ಲಿ ನಿಂತವರು ಇನ್ನೊಬ್ಬರು ಬರಲೆಂದು ಕಾಯುತ್ತಾರೆ, ದೂರದಲ್ಲಿ ಯಾರದೋ ಜೀವಬಲ ತೋರಿಸುವ ಪಟ್ಟಿ ಇಳಿಯುವುದು ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಬಾಸ್‌ಗಳ ಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸದೆ, ಒಂದೇ ಒಂದು ನಿಯಮದಿಂದ ಜನ ಮತ್ತೆ ಪರಸ್ಪರ ಬೇಕಾದವರಾದರು.

ಭಾರತದಿಂದ ಆಡುವವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಸರ್ವರ್ ಇಲ್ಲ. ಯುರೋಪಿನ ಸರ್ವರ್‌ನಲ್ಲಿ ರಾತ್ರಿ ಎಂಟಕ್ಕೆ ರೇಡ್ ಆರಂಭವೆಂದರೆ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಆಸ್ಟ್ರೇಲಿಯಾದ ಸರ್ವರ್ ಆರಿಸಿಕೊಂಡರೆ ಅದೇ ರೇಡ್ ಮಧ್ಯಾಹ್ನ ಎರಡೂವರೆ ಮೂರೂವರೆಯ ಸುಮಾರಿಗೆ, ಕಚೇರಿಯ ಹೊತ್ತಿನಲ್ಲೇ ನಡೆಯುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಗಿಲ್ಡ್‌ಗೆ ಮಾತು ಕೊಟ್ಟು ಉಳಿಸಿಕೊಳ್ಳುವುದು ಹೇಗೆ? ಇಂಥವರಿಗೆ ಡಂಜನ್ ಫೈಂಡರ್ ಇಲ್ಲದಿದ್ದರೆ ಆಟವೇ ಇಲ್ಲ. ಹಾಗಾಗಿ ಅದನ್ನು ಕಿತ್ತುಹಾಕಿ ಎನ್ನುವವರ ಜತೆ ನಾನಿಲ್ಲ. ನಾನು ಕೇಳುವುದು ಇಷ್ಟೇ: ಡಂಜನ್ ಮುಗಿದೊಡನೆ ಐವರನ್ನೂ ಚದುರಿಸುವ ಬದಲು, ಅದೇ ಗುಂಪು ಇನ್ನೊಂದಕ್ಕೆ ಒಟ್ಟಿಗೆ ಹೋದರೆ ಹೆಚ್ಚಿನ ಬಹುಮಾನ ಸಿಗಲಿ, ಮೊದಲು ತಮ್ಮದೇ ಸರ್ವರ್‌ನವರನ್ನು ಹುಡುಕಿ, ಸಿಗದಿದ್ದಾಗ ಮಾತ್ರ ಹೊರಗಿನವರನ್ನು ಕೂಡಿಸಲಿ.

ಹೊಸದಾಗಿ ಆಡಬಯಸುವವರಿಗೆ ಇಂದಿನ ಆವೃತ್ತಿ 20ನೇ ಲೆವೆಲ್ ತನಕ ಉಚಿತ. ಅಷ್ಟನ್ನೇ ಆಡಿ ಇಡೀ ಆಟವನ್ನು ಅಳೆಯುವುದು ಸರಿಯಲ್ಲ, ಏಕೆಂದರೆ ಯಾರೂ ಯಾರಿಗೂ ಬೇಕಾಗದ ಭಾಗವೆಂದರೆ ಅದೇ. ಕ್ಲಾಸಿಕ್ ಮತ್ತು ಹಾರ್ಡ್‌ಕೋರ್‌ಗೆ ಮೊದಲ ದಿನದಿಂದಲೇ ಚಂದಾ ಬೇಕು. ಒಂದು ತಿಂಗಳಿಗೆ ಮಾತ್ರ ಕಟ್ಟಿ ಅಲ್ಲಿ ಆರಂಭಿಸಿ, ಗಿಲ್ಡ್ ಒಂದನ್ನು ಮೊದಲ ವಾರದಲ್ಲೇ ಸೇರಿಕೊಳ್ಳಿ; ಬಿಡುವು ತೀರಾ ಕಡಿಮೆ ಎನ್ನಿಸಿದರೆ ಅದೇ ಚಂದಾದಲ್ಲಿ ಇಂದಿನ ಆವೃತ್ತಿಗೆ ದಾಟಬಹುದು.