ವಹಾಕಾ ಊಟವೋ, ಮೇರಿದಾ ಊಟವೋ?

ಊಟಕ್ಕೆಂದೇ ಮೆಕ್ಸಿಕೊಗೆ ಹೋಗುವವರ ಬಾಯಲ್ಲಿ ಎರಡು ಊರುಗಳ ಹೆಸರು ಜಾಸ್ತಿ ಕೇಳಿಬರುತ್ತದೆ. ದಕ್ಷಿಣದ ಬೆಟ್ಟಗಳ ನಡುವಿನ ವಹಾಕಾ ಒಂದು. ಯುಕಾತಾನ್ ರಾಜ್ಯದ ರಾಜಧಾನಿ ಮೇರಿದಾ ಇನ್ನೊಂದು. ಮಕ್ಕಳ ಬೇಸಿಗೆ ರಜೆಯಲ್ಲಿ ನಾವು ಎರಡೂ ಕಡೆ ಉಂಡು ಬಂದೆವು. ನಮ್ಮ ತಂಡ ಹೀಗಿತ್ತು: ಏನು ಕೊಟ್ಟರೂ ಬೇಡ ಅನ್ನದ ಯಜಮಾನರು, ಖಾರ ಅಂದರೆ ತಟ್ಟೆ ತಳ್ಳುವ ಮಗ, ಮೊಟ್ಟೆ ತಿಂದರೂ ಮಾಂಸ ಮುಟ್ಟದ ಅತ್ತೆ, ಇವರೆಲ್ಲರಿಗೂ ಮೆನು ಓದಿ ಹೇಳುವ ನಾನು.

ಎರಡೂ ಊರಿನ ಅಡುಗೆಗೆ ಮೆಣಸಿನಕಾಯಿ ಬೇಕೇ ಬೇಕು. ಆದರೆ ವಹಾಕಾದಲ್ಲಿ ಅದು ಸಾರಿನ ಒಳಗಿರುತ್ತದೆ, ಮೇರಿದಾದಲ್ಲಿ ಪಕ್ಕದ ಬಟ್ಟಲಲ್ಲಿರುತ್ತದೆ. ನನ್ನ ಲೆಕ್ಕದಲ್ಲಿ ಮುಖ್ಯ ವ್ಯತ್ಯಾಸ ಇದೇ.

ವಹಾಕಾದ ಮೋಲೆ ನೆಗ್ರೊ ಅನ್ನುವ ಕಪ್ಪು ಗಟ್ಟಿ ಸಾರು ತಗೊಳ್ಳಿ. ಒಣಮೆಣಸಿನಕಾಯಿಯನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ. ಬೀಜವನ್ನೂ ಒಂದು ತೋರ್ತಿಯಾವನ್ನೂ, ಅಂದರೆ ಮೆಕ್ಕೆಜೋಳದ ರೊಟ್ಟಿಯನ್ನೂ, ಬೇಕೆಂದೇ ಸುಡುತ್ತಾರೆ. ಅದಕ್ಕೆ ಎಳ್ಳು, ಬಾದಾಮಿ, ಒಣದ್ರಾಕ್ಷಿ, ಬಾಳೆಹಣ್ಣು, ಚಕ್ಕೆ, ಲವಂಗ, ಟೊಮೆಟೊ, ಕೊನೆಗೆ ಚಾಕೊಲೇಟ್. ಎಲ್ಲ ಅರೆದು ಗಂಟೆಗಟ್ಟಲೆ ಕುದಿಸಿ, ಬೇಯಿಸಿದ ಕೋಳಿಯ ಮೇಲೆ ಸುರಿಯುತ್ತಾರೆ. ಇದಕ್ಕೆ ಬಳಸುವ ಚಿಲ್‌ವಾಕ್ಲೆ ಅನ್ನುವ ಮೆಣಸಿನಕಾಯಿ ಅದೇ ರಾಜ್ಯದ ಕಣಿವೆಯೊಂದರಲ್ಲಿ ಬೆಳೆಯುತ್ತದೆ, ಬೆಲೆಯೂ ದುಬಾರಿ. ಅದು ನಾಲಿಗೆ ಉರಿಸುವುದಿಲ್ಲ. ಬಣ್ಣಕ್ಕೂ ಪರಿಮಳಕ್ಕೂ ಬ್ಯಾಡಗಿ ಹಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮೊದಲ ತುತ್ತಿಗೆ ಸಿಹಿ, ಆಮೇಲೆ ಕಹಿ, ಹೊಗೆಯ ವಾಸನೆ, ಎಲ್ಲ ಮುಗಿದ ಮೇಲೆ ಎಲ್ಲೋ ಗಂಟಲಲ್ಲಿ ಸ್ವಲ್ಪ ಖಾರ. ನನಗೆ ಹುಚ್ಚು ಹಿಡಿಸಿತು. ಮಗ ಮಾತ್ರ ಚಾಕೊಲೇಟ್ ಅಂತ ಕೇಳಿ ಆಸೆಪಟ್ಟು ಚಮಚ ಹಾಕಿದ, ಅಲ್ಲಿಗೇ ಕೆಳಗಿಟ್ಟ. ಖಾರ ಸಾರಿನಲ್ಲೇ ಬೆರೆತಿರುವಾಗ ತೆಗೆದಿಡಲು ದಾರಿ ಇಲ್ಲ.

ಮೇರಿದಾದಲ್ಲೂ ಒಂದು ಕಪ್ಪು ಸಾರಿದೆ, ರೆಯೇನೊ ನೆಗ್ರೊ. ಇಲ್ಲೂ ಸುಟ್ಟ ಮೆಣಸಿನಕಾಯಿಯ ಮಸಾಲೆಯೇ, ಮಾಂಸ ಟರ್ಕಿ ಕೋಳಿಯದು. ನೋಡಲು ಮೋಲೆಗಿಂತಲೂ ಕಪ್ಪು. ಸಿಹಿ ಇಲ್ಲ, ಗಟ್ಟಿಯೂ ಅಲ್ಲ, ಬೂದಿಯ ವಾಸನೆ ಇರುವ ತಿಳಿಸಾರು. ಯಜಮಾನರು ಇದೇ ಮೇಲು ಅಂದರು. ನಾನು ಒಪ್ಪುವುದಿಲ್ಲ. ಎರಡನ್ನೂ ಎದುರಿಗಿಟ್ಟರೆ ನನ್ನ ಕೈ ಮೋಲೆ ಕಡೆಗೇ ಹೋಗುತ್ತದೆ.

ಆದರೆ ಯುಕಾತಾನ್ ಅಡುಗೆಯನ್ನು ಅದೊಂದರಿಂದಲೇ ಅಳೆಯಬಾರದು. ಅಲ್ಲಿನ ನಿಜವಾದ ಹೆಮ್ಮೆ ಕೊಚಿನೀತಾ ಪಿಬಿಲ್. ಹಂದಿಮಾಂಸಕ್ಕೆ ಆಚಿಯೋತೆ ಬೀಜದ ಕೆಂಪು ಮಸಾಲೆ, ಹುಳಿ ಕಿತ್ತಳೆಯ ರಸ ಹಚ್ಚಿ, ಬಾಳೆಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ನೆಲದೊಳಗಿನ ಕುಳಿಯಲ್ಲಿ ಬೇಯಿಸುವುದು ಅಲ್ಲಿನ ಮೂಲನಿವಾಸಿ ಮಾಯಾ ಜನರ ಹಳೆಯ ಪದ್ಧತಿ. ಭಾನುವಾರ ಬೆಳಗ್ಗೆ ಮಾರುಕಟ್ಟೆಯಲ್ಲಿ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ತಡವಾಗಿ ಹೋದರೆ ಪಾತ್ರೆ ಖಾಲಿ. ಮಾಂಸದಲ್ಲಿ ಖಾರವೇ ಇಲ್ಲ, ಹುಳಿಯದೇ ರಾಜ್ಯ. ಖಾರ ಬೇಕಾದವರಿಗೆ ಪಕ್ಕದಲ್ಲಿ ಹಬನೆರೊ ಮೆಣಸಿನಕಾಯಿಯ ಚಟ್ನಿ. ಹಬನೆರೊದ ಖಾರ ಸ್ಕೋವಿಲ್ ಅಳತೆಯಲ್ಲಿ 1,00,000ದಿಂದ 3,50,000. ಪಿಜ್ಜಾ ಮೇಲೆ ಬರುವ ಹಾಲಪೆನ್ಯೊ 8,000 ದಾಟುವುದು ಅಪರೂಪ. ಯಜಮಾನರು ಬಟ್ಟಲು ತಮ್ಮ ಕಡೆ ಎಳೆದುಕೊಂಡರು, ಮಗ ಅತ್ತ ತಿರುಗಿಯೂ ನೋಡಲಿಲ್ಲ. ಒಂದೇ ತಟ್ಟೆಯ ಊಟ, ಇಬ್ಬರಿಗೂ ಖುಷಿ. ಮನೆಮಂದಿಯ ಜೊತೆ ಹೋದವರಿಗೆ ಇದು ಸಣ್ಣ ಅನುಕೂಲ ಅಲ್ಲ.

ವಹಾಕಾದವರು ಇದಕ್ಕೆ ಎದುರಾಗಿ ತ್ಲಾಯೂದಾ ಮುಂದಿಡುತ್ತಾರೆ. ತಟ್ಟೆಗಿಂತ ಅಗಲದ ಗರಿಗರಿ ತೋರ್ತಿಯಾ, ಮೇಲೆ ಅರೆದ ಕಪ್ಪು ಬೀನ್ಸ್, ಎಳೆಎಳೆಯಾಗಿ ಬಿಡಿಸಿಕೊಳ್ಳುವ ಕೆಸೀಯೊ ಚೀಸ್. 20 ದೆ ನೋವಿಯೆಂಬ್ರೆ ಮಾರುಕಟ್ಟೆಯಲ್ಲಿ ಒಂದು ಓಣಿಯೇ ಇದೆ, ಪೂರ್ತಿ ಹೊಗೆ. ಮಾಂಸ ತೂಗಿಸಿಕೊಂಡರೆ ಕಣ್ಣೆದುರೇ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಅತ್ತೆ ಒಳಗೆ ಕಾಲಿಡಲಿಲ್ಲ, ಹೊರಗಡೆ ಚಾಕೊಲೇಟ್ ಕುಡಿಯುತ್ತಾ ಕೂತರು. ಹುರಿದ ಮಿಡತೆ, ಅಂದರೆ ಚಾಪುಲೀನೆಸ್, ಬೆಳ್ಳುಳ್ಳಿ ನಿಂಬೆ ಉಪ್ಪು ಹಾಕಿ ರಾಶಿ ಹಾಕಿರುತ್ತಾರೆ. ಮೋಲೆ ಬೇಡ ಅಂದ ಮಗ ಅದನ್ನು ಮಾತ್ರ ಹಿಡಿಗಟ್ಟಲೆ ತಿಂದ. ಮಕ್ಕಳ ಬಾಯಿಯ ಲೆಕ್ಕ ಯಾರಿಗೂ ಸಿಗದು.

ಸಸ್ಯಾಹಾರಿಗಳ ವಿಷಯ. ಎರಡೂ ಊರಲ್ಲಿ ಕಷ್ಟವೇ, ಆದರೆ ಕಷ್ಟದ ರೀತಿ ಬೇರೆ. ಬೀನ್ಸ್‌ನಲ್ಲಿ ಹಂದಿಕೊಬ್ಬು ಇರಬಹುದು, ಅನ್ನ ಕೋಳಿ ಸ್ಟಾಕಿನಲ್ಲಿ ಬೆಂದಿರಬಹುದು. ‘ಸಿನ್ ಕಾರ್ನೆ’ ಅಂದರೆ ಮಾಂಸದ ತುಂಡು ಹಾಕುವುದಿಲ್ಲ, ಅಷ್ಟೇ. ‘ಯೇವಾ ಮಾಂತೇಕಾ?’ ಅಂತ ಕೊಬ್ಬಿನ ಬಗ್ಗೆ ಬೇರೆಯಾಗಿಯೇ ಕೇಳಬೇಕು. ತ್ಲಾಯೂದಾಕ್ಕೆ ಬಳಿಯುವ ಆಸಿಯೆಂತೊ ಕೂಡ ಹಂದಿಕೊಬ್ಬೇ. ಅದನ್ನು ಬಿಟ್ಟು ಮಾಡಿಸಿಕೊಂಡರೆ ಅತ್ತೆಗೆ ಹೊಟ್ಟೆ ತುಂಬುತ್ತಿತ್ತು, ಆದರೆ ದಿನಾ ಅದೇ ಅದೇ. ಮೇರಿದಾದಲ್ಲಿ ಅವರಿಗೆಂದೇ ಮಾಡಿದಂತಿತ್ತು ಪಾಪಾದ್ಸೂಲೆಸ್. ಕುಂಬಳದ ಬೀಜ ಅರೆದ ಹಸಿರು ಸಾಸಿನಲ್ಲಿ ತೋರ್ತಿಯಾ ಅದ್ದಿ, ಬೇಯಿಸಿದ ಮೊಟ್ಟೆ ತುಂಬಿ ಸುರುಳಿ ಸುತ್ತಿ, ಮೇಲೆ ಟೊಮೆಟೊ ಸಾಸ್. ಇಡೀ ಪ್ರವಾಸದಲ್ಲಿ ಅವರು ಎರಡನೇ ಸಲ ಹಾಕಿಸಿಕೊಂಡಿದ್ದು ಇದೊಂದನ್ನೇ.

ಹವೆಯೂ ಊಟದಲ್ಲಿ ಪಾಲು ಕೇಳುತ್ತದೆ. ವಹಾಕಾ ಸುಮಾರು 1,550 ಮೀಟರ್ ಎತ್ತರದಲ್ಲಿದೆ, ಸಂಜೆ ತಂಪು. ಬಿಸಿ ಚಾಕೊಲೇಟಿಗೆ ಬ್ರೆಡ್ ಅದ್ದಿ ತಿನ್ನಲು ಅಲ್ಲೇ ಚೆಂದ. ಮೇರಿದಾ ಬಯಲು ಸೀಮೆ, ಬೇಸಿಗೆಯಲ್ಲಿ ಸುಡು ಬಿಸಿಲು. ಆ ಸೆಕೆಯಲ್ಲಿ ಮೋಲೆ ಯಾರಿಗೆ ಬೇಕು? ಹುಳಿ ಲಿಂಬೆಯ ಘಮ ಇರುವ ಕೋಳಿ ಸೂಪು, ಸೋಪಾ ದೆ ಲೀಮಾ, ಸಲೀಸಾಗಿ ಇಳಿಯುತ್ತದೆ. ಸಂಜೆ ಚೌಕದಲ್ಲಿ ಗಾಡಿಯವರು ಮಾರ್ಕೆಸೀತಾ ಮಾಡುತ್ತಾರೆ: ಗರಿಗರಿ ಸುರುಳಿಯೊಳಗೆ ತುರಿದ ಡಚ್ ಎಡಂ ಚೀಸ್, ಜೊತೆಗೆ ಸಿಹಿ. ಮಗನ ಪ್ರಕಾರ ಹೋಲಿಕೆ ಅಲ್ಲಿಗೇ ಮುಗಿಯಿತು.

ನಡುವೆ ಪುಯೆಬ್ಲಾ ಅನ್ನುವ ಊರಲ್ಲೂ ಇಳಿದಿದ್ದೆವು. ಅಲ್ಲಿನ ಮೋಲೆ ಪೊಬ್ಲಾನೊ ನನಗೆ ಜಾಸ್ತಿ ಸಿಹಿ ಅನ್ನಿಸಿತು. ಹೆಸರುವಾಸಿ ಚೀಲೆಸ್ ಎನ್ ನೊಗಾದಾ, ಅಂದರೆ ವಾಲ್‌ನಟ್ ಸಾಸ್ ಸುರಿದ ತುಂಬು ಮೆಣಸಿನಕಾಯಿ, ಆಗಸ್ಟ್, ಸೆಪ್ಟೆಂಬರ್ ಹೊತ್ತಿನ ಅಡುಗೆ, ನಮಗೆ ಸಿಗಲಿಲ್ಲ.

ಇಬ್ಬರೇ ಹೋಗುವುದಾದರೆ, ತಿನ್ನುವುದೇ ಕೆಲಸವಾದರೆ, ವಹಾಕಾ. ಅತ್ತೆ, ಮಕ್ಕಳು ಜೊತೆಗಿದ್ದರೆ ಮೇರಿದಾ. ಮಸಾಲೆ ತರುವುದಾದರೂ ಅಲ್ಲಿಂದಲೇ ತನ್ನಿ. ವಹಾಕಾದಲ್ಲಿ ಮೋಲೆ ಪೇಸ್ಟ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಅದನ್ನು ಹದಕ್ಕೆ ತರಲು ಒಳ್ಳೆ ಸ್ಟಾಕು, ಪುರುಸೊತ್ತು ಎರಡೂ ಬೇಕು. ಆಚಿಯೋತೆಯ ಕೆಂಪು ಮಸಾಲೆ ಸುಲಭ. ಹುಳಿ ಕಿತ್ತಳೆ ಬದಲು ನಾನು ಹೇರಳೆಕಾಯಿ ರಸಕ್ಕೆ ಸ್ವಲ್ಪ ಕಿತ್ತಳೆ ರಸ ಬೆರೆಸಿ ಕೋಳಿಗೆ ಹಚ್ಚುತ್ತೇನೆ, ಅತ್ತೆಯ ಪಾಲಿಗೆ ಪನೀರಿಗೆ. ಬಾಳೆಎಲೆಯಲ್ಲಿ ಸುತ್ತಿ ಸಣ್ಣ ಉರಿಯಲ್ಲಿ ಇಟ್ಟರೆ ಪನೀರು ಬೇಗ ಆಗುತ್ತದೆ, ಕೋಳಿಗೆ ಒಂದು ಗಂಟೆ ಬೇಕು.