ಮುಪ್ಪಿನ ಸಂಶೋಧನೆಗೆ ಯಾವ ದತ್ತಾಂಶ: ಲಾಸಿಯೋ, ಶ್ರೀನಿವಾಸಪುರವೋ?

ಮುಪ್ಪಿನ ಬಗ್ಗೆ ಪಿಎಚ್‌ಡಿ ಮಾಡಹೊರಟಿದ್ದೀರಾ? ನಿಮ್ಮ ಪ್ರಶ್ನೆ ಆರೈಕೆಯದೋ, ಮಿದುಳಿನದೋ ಎಂದು ಮೊದಲು ತೀರ್ಮಾನಿಸಿ.

ಆರೈಕೆಯದಾದರೆ ಕಣ್ಣುಮುಚ್ಚಿ ಲಾಸಿ (LASI), ಅಂದರೆ ಮುಪ್ಪಿನ ಬಗೆಗಿನ ರಾಷ್ಟ್ರೀಯ ಸಮೀಕ್ಷೆ, ಆರಿಸಿಕೊಳ್ಳಿ. 2017-18ರ ಮೊದಲ ಸುತ್ತಿನಲ್ಲೇ 72,000ಕ್ಕೂ ಹೆಚ್ಚು ಜನರನ್ನು, 45 ದಾಟಿದವರನ್ನೂ ಅವರ ಸಂಗಾತಿಗಳನ್ನೂ, ಮಾತನಾಡಿಸಿದೆ. ಬಿಪಿ, ಕೈಹಿಡಿತದ ಬಲವಷ್ಟೇ ಅಲ್ಲ. ಸ್ನಾನ ಮಾಡಲು, ಬಟ್ಟೆ ತೊಡಲು ಕಷ್ಟವೇ, ಯಾರು ನೆರವಾಗುತ್ತಾರೆ, ಪಿಂಚಣಿ ಬರುತ್ತದೆಯೇ ಎಂದೂ ಕೇಳಿದೆ. ಹೆಂಡತಿ, ಸೊಸೆಯಂದಿರ ಹೆಗಲೇರುವ ಹೊರೆ ಲೆಕ್ಕಕ್ಕೆ ಸಿಗುವುದು ಇಂಥ ಪ್ರಶ್ನೆಗಳಿಂದಲೇ. ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್‌ಗೆ ಅರ್ಜಿ ಹಾಕಿದರೆ ದತ್ತಾಂಶ ಸಿಗುತ್ತದೆ.

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಶುರುವಾಗುವ ಬಗೆ ಬೇಕಿದ್ದರೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಅಧ್ಯಯನ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರವು ಹಳ್ಳಿಗರಿಗೆ ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ ಮಾಡುತ್ತ ವರ್ಷಗಟ್ಟಲೆ ಗಮನಿಸುತ್ತಿದೆ. ಆದರೆ ಅದು ಒಂದೇ ತಾಲ್ಲೂಕು. ದೇಶದಲ್ಲಿ ಡಿಮೆನ್ಷಿಯಾ ಎಷ್ಟಿದೆ ಎಂಬುದಷ್ಟೇ ಬೇಕಾದರೆ ಲಾಸಿಯದೇ ಡಿಮೆನ್ಷಿಯಾ ಅಧ್ಯಯನವಾದ ಲಾಸಿ-ಡ್ಯಾಡ್ ನೋಡಿ.